ನಿರಪರಾಧಿಗಳ ಮರಣವೂ ದೈವದಂಡನೆಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ದಾನಮ್ಮ ದೇವಿಯ ಸನ್ನಿಧಿಯುಳ್ಳ ಈ ಊರಿನಲ್ಲಿ ಕನ್ನಡದ ಉತ್ಸವಕ್ಕಾಗಿ ನೆರೆದಿರುವ ತಮ್ಮೆದುರು ನಾವು ಒಂದು ಕಠಿನವಾದ ಪ್ರಶ್ನೆಯನ್ನು ಇಡಬಯಸುತ್ತೇವೆ. ನಿರಪರಾಧಿಗಳು ಮಡಿದಾಗ ಅದನ್ನು ದೈವದಂಡನೆಯೆಂದು ಕರೆಯಲು ನಮಗೆ ಅಧಿಕಾರವುಂಟೇ?

ಮಹಾಭಾರತದ ಸೌಪ್ತಿಕಪರ್ವವನ್ನು ನೋಡೋಣ. ತಂದೆಯ ವಧೆಯಿಂದ ಕ್ರುದ್ಧನಾದ ಅಶ್ವತ್ಥಾಮನು ಇರುಳಿನಲ್ಲಿ ಪಾಂಡವರ ಪಾಳೆಯಕ್ಕೆ ಬಂದನು. ಶಿವನನ್ನು ಆರಾಧಿಸಿ ಖಡ್ಗವನ್ನು ಪಡೆದನು. ಶಿವನೇ ಅವನ ದೇಹವನ್ನು ಹೊಕ್ಕನೆಂದು ವ್ಯಾಸರು ಹೇಳುತ್ತಾರೆ. ಬಳಿಕ ನಿದ್ದೆಯಲ್ಲಿದ್ದವರ ಮೇಲೆ ಬಿದ್ದು, ದ್ರೌಪದಿಯ ಐವರು ಮಕ್ಕಳನ್ನೂ ಕೊಂದನು. ಕೈಯಲ್ಲಿದ್ದುದು ದೇವರಿತ್ತ ಕತ್ತಿಯೇ. ಆದರೂ ಅದು ಅವನಿಗೆ ರಕ್ಷೆಯಾಗಲಿಲ್ಲ. ಮುಂದೆ ಉತ್ತರೆಯ ಗರ್ಭದ ಶಿಶುವಿನ ಮೇಲೂ ಅಸ್ತ್ರವನ್ನು ತಿರುಗಿಸಿದಾಗ, ಮೂರು ಸಾವಿರ ವರ್ಷ ಒಬ್ಬಂಟಿಯಾಗಿ ಅಲೆಯೆಂದು ಕೃಷ್ಣನು ಶಪಿಸಿದನು.

ಮೂಲಭಾರತದಲ್ಲಿ ಈ ವಾರ್ತೆಯನ್ನು ಕೇಳಿ ದುರ್ಯೋಧನನು ಸಂತೋಷದಿಂದಲೇ ಪ್ರಾಣ ಬಿಡುತ್ತಾನೆ. ಕೃಷ್ಣೆಯಾಚೆಯ ಮುಧೋಳದ ರನ್ನನಿಗೆ ಅದು ಸರಿತೋರಲಿಲ್ಲ. ಅವನ ಗದಾಯುದ್ಧದಲ್ಲಿ, ತನ್ನ ಮುಂದಿಟ್ಟ ತಲೆಗಳು ಬಾಲಕರವೆಂದು ಕಂಡ ದುರ್ಯೋಧನನು ಮರುಗುತ್ತಾನೆ. ಹಗೆಗೂ ಒಂದು ಎಲ್ಲೆಯುಂಟೆಂದು ಕನ್ನಡ ಕವಿ ಸೋತವನ ಬಾಯಿಂದಲೇ ನುಡಿಸಿದನು. ಭಾಗವತದ ದ್ರೌಪದಿಯಂತೂ ಇನ್ನೂ ದೊಡ್ಡವಳು. ಸೆರೆಸಿಕ್ಕ ಅಶ್ವತ್ಥಾಮನನ್ನು ಕೊಲ್ಲಬೇಡಿರಿ, ಅವನ ತಾಯಿ ನನ್ನಂತೆ ಅಳುವುದು ಬೇಡ ಎಂದಳು. 1945ರ ಆಗಸ್ಟ್ 6ರಂದು ಹಿರೋಶಿಮಾ ನಗರವನ್ನು ಸುಟ್ಟ ಬಾಂಬು ಯಾವ ತಾಯಿಯನ್ನೂ ನೆನೆಯಲಿಲ್ಲ.

ಯುದ್ಧದಲ್ಲಿ ಕೊಲ್ಲುವವನಿಗೆ ಹೆಸರುಂಟು, ಭೂಕಂಪಕ್ಕೆ ಹೆಸರಿಲ್ಲ. ಆದುದರಿಂದ ಅಲ್ಲಿ ದೇವರ ಹೆಸರನ್ನು ಹೇಳುವುದು ಸುಲಭ. 1934ರ ಜನವರಿ 15ರಂದು ಬಿಹಾರ ನಡುಗಿದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆಯೆಂದು ಗಾಂಧೀಜಿ ನುಡಿದರು. ಅಸ್ಪೃಶ್ಯತೆಯನ್ನು ಅಷ್ಟೇ ಖಂಡಿಸುತ್ತಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಒಪ್ಪಲಿಲ್ಲ. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಹಾಕಿಸಿದರು. ಇಬ್ಬರೂ ಮಹನೀಯರೇ, ಈ ವಿಷಯದಲ್ಲಿ ನಾವು ಠಾಕೂರರ ಪಕ್ಷ.

ಏಕೆಂದರೆ ಲಾತೂರು ಜಿಲ್ಲೆಯ ಕಿಲ್ಲಾರಿ ನಮಗೆ ದೂರವಲ್ಲ. 1993ರ ಸೆಪ್ಟೆಂಬರ್ 30ರಂದು ಬೆಳಗಾಗುವ ಮುನ್ನ ಅಲ್ಲಿ ಭೂಮಿ ಕಂಪಿಸಿ ಸಾವಿರಾರು ಜನರು ಮಡಿದರು. ಅವರೂ ನಿದ್ದೆಯಲ್ಲಿದ್ದವರೇ. ಅವರನ್ನು ಕೊಂದುದು ಪಾಪವಲ್ಲ, ಕಲ್ಲುಮಣ್ಣಿನ ಸಡಿಲ ಗೋಡೆ, ಮೇಲಿನ ಮಣ್ಣುಮಾಳಿಗೆಯ ಭಾರ. ಅದನ್ನು ಶಿಕ್ಷೆಯೆನ್ನುವವನು ಗೋಡೆಯನ್ನು ಭದ್ರಪಡಿಸಲಾರ. ಅಷ್ಟೇ ಅಲ್ಲ, ಮಗುವನ್ನು ಕಳೆದುಕೊಂಡ ತಾಯಿಯ ಮೇಲೆ ಕಳಂಕವನ್ನೂ ಹೊರಿಸುತ್ತಾನೆ.

ಶರಣೆ ದಾನಮ್ಮನ ಹೆಸರಿನಲ್ಲಿಯೇ ದಾನವಿದೆ. ದಾಸೋಹದ ಪಂಕ್ತಿಯಲ್ಲಿ ಎಲೆ ಹಾಕುವವರು ಕುಳಿತವರ ಪಾಪಪುಣ್ಯಗಳನ್ನು ವಿಚಾರಿಸುವುದಿಲ್ಲ, ಹಸಿವನ್ನಷ್ಟೇ ನೋಡುತ್ತಾರೆ. ನೆರೆಮನೆಗೆ ದುಃಖ ಬಂದಾಗ ‘ಯಾವ ಪಾಪದ ಫಲವೋ’ ಎನ್ನದೆ ‘ಏನು ಬೇಕು’ ಎಂದು ಕೇಳುವುದನ್ನು ನಮ್ಮ ಮಕ್ಕಳು ಕಲಿಯಲಿ.