ಐಡಿಯಾ ಯಾರಪ್ಪನ ಸ್ವತ್ತು?

ಮನೆಯಲ್ಲಿ ಕೂತು ಮೊಬೈಲಲ್ಲಿ ಮಾತಾಡ್ತಿದ್ದೀರಿ. ಕರೆ ಹೋಗ್ತಿರೋದು ವೈಫೈ ಮೇಲೆ. ಮಾತಾಡ್ತಾನೇ ಗೇಟು ದಾಟಿ ರಸ್ತೆಗೆ ಬಂದ್ರಿ. ವೈಫೈ ಹೋಯ್ತು, ಟವರ್ ಸಿಕ್ತು. ಕರೆ ಕಟ್ ಆಗಲಿಲ್ಲ. ನಿಮಗದು ಗೊತ್ತೂ ಆಗಲಿಲ್ಲ. ಆದರೆ ಈ ಒಂದು ಜಿಗಿತಕ್ಕಾಗಿ ಅಮೆರಿಕದಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದವರಿದ್ದಾರೆ!

ಸ್ವಲ್ಪ ಹಿಂದಕ್ಕೆ ಹೋಗೋಣ. ಅಮೆರಿಕದ ಜಾರ್ಜ್ ಸ್ವೀಗರ್ಟ್ ಕಾರ್ಡ್‌ಲೆಸ್ ಫೋನಿಗೆ ಪೇಟೆಂಟ್ ಪಡೆದದ್ದು 1969ರಲ್ಲಿ. 1973ರ ಏಪ್ರಿಲ್ 3ರಂದು ಮೊಟೊರೊಲಾದ ಮಾರ್ಟಿನ್ ಕೂಪರ್ ನ್ಯೂಯಾರ್ಕ್ ಬೀದಿಯಲ್ಲಿ ನಿಂತು ಮೊಬೈಲ್ ಕರೆ ಮಾಡಿದರು. ಒಂದು ಮನೆಯೊಳಗಿನ ಫೋನು, ಇನ್ನೊಂದು ಬೀದಿಯ ಫೋನು. ಎರಡನ್ನೂ ಒಂದು ಮಾಡಿದವನಿಗೆ ದುಡ್ಡೋ ದುಡ್ಡು.

ಕ್ಯಾಲಿಪ್ಸೊ ವೈರ್‌ಲೆಸ್ ಎಂಬ ಸಣ್ಣ ಕಂಪನಿಗೆ 2004ರಲ್ಲಿ ಇಂಥದ್ದೇ ಪೇಟೆಂಟ್ ಸಿಕ್ಕಿತು. 2007ರಲ್ಲಿ ದೈತ್ಯ ಟಿ-ಮೊಬೈಲ್ ವೈಫೈ ಕರೆಯ ಸೇವೆ ಶುರುಮಾಡಿತು. ಮರುವರ್ಷವೇ ಕೇಸು! ತಮಾಷೆ ನೋಡಿ, ಆ ಪೇಟೆಂಟ್ ಯಾರದು ಅನ್ನೋದೇ ಇನ್ನೊಂದು ಜಗಳವಾಯ್ತು.

ನಾನು ಯಾರ ಪರ? ಸಣ್ಣವನ ಬುದ್ಧಿಯನ್ನು ದೊಡ್ಡವನು ನುಂಗಬಾರದು. ಅದಕ್ಕೇ ಪೇಟೆಂಟ್ ಬೇಕು. ಆದರೆ ಬ್ಲ್ಯಾಕ್‌ಬೆರಿ ಕಥೆ ನೆನಪಿಸಿಕೊಳ್ಳಿ. ವೈರ್‌ಲೆಸ್ ಇ-ಮೇಲ್ ನಮ್ಮ ಪೇಟೆಂಟ್ ಅಂತ ಕೇಸು ಹಾಕಿದ ಎನ್‌ಟಿಪಿ, ಫೋನ್ ತಯಾರಿಸುವ ಕಂಪನಿಯೇ ಅಲ್ಲ. ಅದರ ಪೇಟೆಂಟ್‌ಗಳನ್ನು ಅಮೆರಿಕದ ಪೇಟೆಂಟ್ ಕಚೇರಿಯೇ ಮರುಪರಿಶೀಲಿಸುತ್ತಿತ್ತು. ಆದರೂ 2006ರಲ್ಲಿ ಬ್ಲ್ಯಾಕ್‌ಬೆರಿಯವರು 61.25 ಕೋಟಿ ಡಾಲರ್ ಕೊಟ್ಟು ರಾಜಿಯಾದರು. ಯಾಕೆ? ಕೋರ್ಟ್ ತಡೆ ಕೊಟ್ಟರೆ ಅಮೆರಿಕದಲ್ಲಿ ಸೇವೆಯೇ ಬಂದ್ ಆಗುವ ಭಯ. ಇಂಥ ದುಡ್ಡು ಕೊನೆಗೆ ಯಾರ ಜೇಬಿನಿಂದ ಬರುತ್ತೆ? ಗ್ರಾಹಕನ ಜೇಬಿನಿಂದಲೇ.

ಪೇಟೆಂಟ್ ಅಂದ್ರೆ ಒಂದು ಒಪ್ಪಂದ ಸ್ವಾಮಿ. ನೀನು ಗುಟ್ಟು ಬಿಚ್ಚಿಡು, ಸಮಾಜ ನಿನಗೆ 20 ವರ್ಷ ಹಕ್ಕು ಕೊಡುತ್ತೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 146ನೇ ಸೆಕ್ಷನ್ ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೆ: ಪೇಟೆಂಟ್ ತಗೊಂಡೆಯಲ್ಲ, ಈ ದೇಶದಲ್ಲಿ ಅದನ್ನು ಬಳಕೆಗೆ ತಂದಿದ್ದೀಯಾ, ಲೆಕ್ಕ ಕೊಡು. ಕಡತದಲ್ಲಿ ಒಂದು ಫಾರಂ ಆಗಿ ಉಳಿಯಬಾರದ ಪ್ರಶ್ನೆ ಇದು. ಇದನ್ನು ಗಟ್ಟಿಯಾಗಿ ಕೇಳಬೇಕು.

ಹೊಲ ಉಳುವವನಿಗೆ ಬೆಳೆ ಸಿಗಲಿ. ಬರೀ ಬೇಲಿ ಹಾಕಿ, ದಾರಿಹೋಕರಿಂದ ಸುಂಕ ಎತ್ತುವವನಿಗಲ್ಲ.