ಖಾಸಗಿ ನರ್ಸಿಂಗ್ ಶಿಕ್ಷಣ: ಖರ್ಚೆಷ್ಟು, ಫಲವೆಷ್ಟು?

(ರಾಜ್ಯೋತ್ಸವದ ಅಂಗವಾಗಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಯ ಹಿರಿಮೆಯನ್ನು ಕೇಳಲೆಂದು ನೆರೆದಿರುವ ಸಭೆಯಲ್ಲಿ ಸಾಲ, ಬಡ್ಡಿ, ಕಂತುಗಳ ಮಾತು ತೆಗೆಯುವುದು ಉಚಿತವೇ ಎಂದು ಕೆಲವರಿಗೆ ತೋರಬಹುದು. ಆದರೆ ಬ್ಯಾಂಕಿನ ಗುಮಾಸ್ತೆಯಿಂದ ತಾವು ಮತ್ತೇನನ್ನು ನಿರೀಕ್ಷಿಸಬಲ್ಲಿರಿ? ಅಲ್ಲದೆ, ಇಂಟರ್ ಮುಗಿಸಿದ ಮಗಳನ್ನೋ ಮಗನನ್ನೋ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ಮೊದಲಾದ ಕೋರ್ಸುಗಳಿಗೆ ಸೇರಿಸಬೇಕೇ, ಖಾಸಗಿ ಸಂಸ್ಥೆ ಕೇಳುವಷ್ಟು ಹಣ ಕೊಡಬಹುದೇ ಎಂಬ ಪ್ರಶ್ನೆ ಈ ಊರಿನ ನಮ್ಮ ಮನೆಗಳಲ್ಲಿ ಪ್ರತಿ ವರ್ಷವೂ ಏಳುತ್ತದೆ.

ಹೈದರಾಬಾದು ಹಳೆಯ ಆಸ್ಪತ್ರೆಗಳ ಊರು. 1846ರಲ್ಲಿಯೇ ಇಲ್ಲಿ ವೈದ್ಯಶಾಲೆ ತೆರೆಯಿತು. ಅದೇ ಮುಂದೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಾಯಿತು. 1988ರಲ್ಲಿ ಜುಬಿಲಿ ಹಿಲ್ಸ್‌ನಲ್ಲಿ ಅಪೋಲೋ ಬಂತು. ಅಲ್ಲಿಂದೀಚೆಗೆ ದೊಡ್ಡ ಖಾಸಗಿ ಆಸ್ಪತ್ರೆಗಳು ಒಂದರ ಹಿಂದೊಂದು ಎದ್ದಿವೆ. ಅಲ್ಲಿ ದುಡಿಯುವ ನೂರಾರು ನರ್ಸುಗಳನ್ನು ಕಂಡು, ನಮ್ಮ ಮಗುವಿಗೂ ಒಂದು ದಾರಿಯಾಗಲಿ ಎಂದು ತಂದೆತಾಯಿ ಬಯಸುವುದು ಸಹಜವೇ. ಆ ಆಸೆ ತಪ್ಪಲ್ಲ. ಅದರ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು ಎಂಬುದಷ್ಟೇ ನಮ್ಮ ಬಿನ್ನಹ.

ಖಾಸಗಿ ಶಿಕ್ಷಣವೆಂದರೆ ಮೋಸವೆಂದು ನಾವು ಹೇಳುವವರಲ್ಲ. ದೇಶದಲ್ಲಿ ಸ್ವಂತ ಹಣದ ಮೇಲೆ ನಡೆಯುವ ವೈದ್ಯಕೀಯ ಕಾಲೇಜಿಗೆ ಮೊದಲ ದಾರಿ ಹಾಕಿದ್ದು ಕನ್ನಡ ನಾಡಿನ ಮಣಿಪಾಲ. ಅಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದವರು ಡಾ. ಟಿ. ಎಂ. ಎ. ಪೈ. ಇದೇ ಪೈಗಳು 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರು. ಬಡವರ ಮನೆಬಾಗಿಲಿಗೇ ಹೋಗಿ ದಿನದಿನದ ಪುಡಿಕಾಸನ್ನು ಕೂಡಿಹಾಕಿಸುವ ಪಿಗ್ಮಿ ಠೇವಣಿ ಆ ಬ್ಯಾಂಕಿನದು. ಆದರೆ ಇಲ್ಲಿ ಗಮನಿಸಬೇಕಾದ ಸಂಗತಿ ಬೇರೆ. ಮೊದಲ ವರ್ಷಗಳಲ್ಲಿ ಆ ಕಾಲೇಜಿನ ವಿದ್ಯಾರ್ಥಿಗಳು ರೋಗಿಗಳ ಬಳಿ ನಿಂತು ಕಲಿತದ್ದು ಮಂಗಳೂರಿನ ವೆನ್‌ಲಾಕ್ ಎಂಬ ಸರ್ಕಾರಿ ಆಸ್ಪತ್ರೆಯಲ್ಲಿ. ಕಟ್ಟಡಕ್ಕೆ ಖಾಸಗಿ ಹಣ ಸಾಕಾಯಿತು. ವಿದ್ಯೆಗೆ ರೋಗಿಯ ಹಾಸಿಗೆ ಬೇಕಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಈ ಓದಿನ ಮಟ್ಟಿಗೆ ಎರಡರ್ಥದಲ್ಲಿಯೂ ನಿಜ.

ಆದುದರಿಂದ ಕಾಲೇಜನ್ನು ನೋಡಲು ಹೋದಾಗ ಗಾಜಿನ ಬಾಗಿಲನ್ನೂ ಬಣ್ಣದ ಪುಸ್ತಿಕೆಯನ್ನೂ ಬಿಟ್ಟು ಮೊದಲು ಕೇಳಬೇಕಾದ ಮಾತು: "ಮಕ್ಕಳು ಕಲಿಯುವ ಆಸ್ಪತ್ರೆ ಯಾವುದು? ಅಲ್ಲಿ ಹಾಸಿಗೆಗಳೆಷ್ಟು?" ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಗಳ ಮಾತೃ ಆಸ್ಪತ್ರೆ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ಕಾಗದದ ಮೇಲಿನ ಹಾಸಿಗೆ ಬೇರೆ, ರೋಗಿ ಮಲಗಿದ ಹಾಸಿಗೆ ಬೇರೆ. ಒಂದು ದಿನ ಹೋಗಿ ವಾರ್ಡುಗಳನ್ನು ಕಣ್ಣಾರೆ ನೋಡಿ ಬಂದರೆ ಯಾರಿಗೂ ನಷ್ಟವಿಲ್ಲ.

ಎರಡನೆಯ ಮಾತು: "ಓದು ಮುಗಿದ ಮೇಲೆ ಯಾವ ರಿಜಿಸ್ಟರಿನಲ್ಲಿ ಹೆಸರು ಸೇರುತ್ತದೆ?" ರಾಜ್ಯದ ನರ್ಸಿಂಗ್ ಕೌನ್ಸಿಲಿನ ದಾಖಲೆಯಲ್ಲಿ ಹೆಸರಿಲ್ಲದವರು ನರ್ಸ್ ಎನಿಸಿಕೊಳ್ಳಲಾರರು. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗಿಗೂ ಮೂರು ವರ್ಷದ ಜಿ.ಎನ್.ಎಂ.ಗೂ ಈ ನೋಂದಣಿ ಉಂಟು. ಆರು ತಿಂಗಳ "ನರ್ಸಿಂಗ್ ಅಸಿಸ್ಟೆಂಟ್" ಸರ್ಟಿಫಿಕೇಟಿಗೆ ಇಲ್ಲ. ಲ್ಯಾಬ್, ಎಕ್ಸ್‌ರೇ ಮುಂತಾದವುಗಳಿಗೆ 2021ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಕಾನೂನು ಮಾಡಿದೆ. ಅದರ ಪ್ರಕಾರ ಇಂತಹ ವೃತ್ತಿಯ ಡಿಪ್ಲೊಮಾ ಎಂದರೆ ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿದ ಕನಿಷ್ಠ 2,000 ಗಂಟೆಗಳ ಕಲಿಕೆ. ಆರು ತಿಂಗಳಲ್ಲಿ ಟೆಕ್ನಿಷಿಯನ್ ಮಾಡಿ ಕಳುಹಿಸುತ್ತೇವೆ ಎನ್ನುವವರ ಮುಂದೆ ಈ ಅಂಕಿಯನ್ನು ಇಡಿರಿ.

ಮೂರನೆಯದು ಹಣದ ಮಾತು. ಕಾಲೇಜು ನಡೆಸಲು ಬೇಕಾದಷ್ಟು ಮಿಗುತಾಯ ಇರಬಹುದು, ಆದರೆ ಕ್ಯಾಪಿಟೇಷನ್ ಶುಲ್ಕವೂ ಲಾಭಕೋರತನವೂ ಸಲ್ಲದೆಂದು ಸುಪ್ರೀಂ ಕೋರ್ಟು 2002ರಲ್ಲಿ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹೇಳಿದೆ. ಆದುದರಿಂದ ನಾಲ್ಕೂ ವರ್ಷದ ಶುಲ್ಕವನ್ನು ಬರಹದಲ್ಲಿ ಪಡೆಯಿರಿ. ಕೊಟ್ಟ ಪ್ರತಿ ರೂಪಾಯಿಗೆ ರಸೀತಿ ಕೇಳಿರಿ. ರಸೀತಿಯಿಲ್ಲದ ಹಣಕ್ಕೆ ಬ್ಯಾಂಕು ಸಾಲವನ್ನೂ ಕೊಡದು.

ಈಗ ಒಂದು ಉದಾಹರಣೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಸಾಲ. ಬಡ್ಡಿ ಶೇಕಡ 10 ಎಂದಿಟ್ಟುಕೊಳ್ಳೋಣ. ಓದುವಾಗಲೂ ಆಮೇಲೆ ಒಂದು ವರ್ಷವೂ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮಲಗುವುದಿಲ್ಲ. ಮೊದಲ ಲಕ್ಷಕ್ಕೆ 5 ವರ್ಷ, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ನಾಲ್ಕನೆಯದಕ್ಕೆ 2. ಒಟ್ಟು 1,40,000 ರೂ. ಸರಳ ಬಡ್ಡಿ. ಕಂತು ಆರಂಭವಾಗುವ ದಿನ ಸಾಲ 5,40,000 ರೂ. ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,140 ರೂ.; ಒಟ್ಟು ಕೊಟ್ಟದ್ದು ಸುಮಾರು 8,56,000 ರೂ. ಕಂತು ಆರಂಭವಾಗುವವರೆಗಿನ ಬಡ್ಡಿಯನ್ನು ಮನೆಯವರು ಆಗಿಂದಾಗ ಕಟ್ಟುತ್ತ ಬಂದರೆ ಕಂತು ಸುಮಾರು 5,290 ರೂ.ಗೆ ಇಳಿಯುತ್ತದೆ, ಒಟ್ಟಿನಲ್ಲಿ 80,000 ರೂ.ಗೂ ಹೆಚ್ಚು ಉಳಿಯುತ್ತದೆ. ಹಾಸ್ಟೆಲು, ಬಸ್ಸು, ಸಮವಸ್ತ್ರಗಳನ್ನು ಇದರಲ್ಲಿ ಸೇರಿಸಿಲ್ಲ.

ಇನ್ನು ವರಮಾನದ ಕಡೆ. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ನರ್ಸಿನ ಸಂಬಳ 20,000 ರೂ.ಗಿಂತ ಕಡಿಮೆಯಾಗಬಾರದೆಂದೂ, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ಸರ್ಕಾರಿ ನರ್ಸಿಗೆ ಸಮನಾಗಿರಬೇಕೆಂದೂ ಶಿಫಾರಸು ಮಾಡಿತು. ಶಿಫಾರಸು ಕಾನೂನಲ್ಲ. ಆದರೂ ಆ 20,000ವನ್ನೇ ಹಿಡಿಯೋಣ: 7,140 ರೂ. ಕಂತೆಂದರೆ ಸಂಬಳದ ಮೂರರಲ್ಲೊಂದು ಪಾಲಿಗೂ ಹೆಚ್ಚು. ಏಳನೆಯ ವೇತನ ಆಯೋಗವು ಕೇಂದ್ರದ ನರ್ಸಿಂಗ್ ಅಧಿಕಾರಿಗೆ ನಿಗದಿ ಮಾಡಿದ ಆರಂಭದ ಮೂಲವೇತನ 44,900 ರೂ.; ಅಲ್ಲಿ ಅದೇ ಕಂತು ಹಗುರ. ಆದರೆ ಆ ಹುದ್ದೆಗಳು ಸ್ಪರ್ಧೆಯಲ್ಲಿ ಗೆದ್ದವರಿಗೆ. ಲೆಕ್ಕವನ್ನು ಕಡಿಮೆ ಸಂಬಳದ ಮೇಲೆ ಹಾಕಿ, ಹೆಚ್ಚಿನದು ಬಂದರೆ ದೇವರ ದಯೆ ಎನ್ನುವುದೇ ಸಂಸಾರಸ್ಥರ ವಿವೇಕ. ಜಿ.ಎನ್.ಎಂ. ಓದಿದವರಿಗೆ ಒಂದು ವರ್ಷದ ಶುಲ್ಕ ಉಳಿದು, ಒಂದು ವರ್ಷದ ದುಡಿಮೆ ಮೊದಲೇ ಸಿಗುತ್ತದೆ ಎಂಬುದನ್ನೂ ಮರೆಯಬಾರದು. ಮುಂದೆ ಅವರಿಗೂ ಪದವಿಯ ದಾರಿ ತೆರೆದೇ ಇದೆ.

"ಬ್ಯಾಂಕಿನವರೇ ಸಾಲ ಕೊಟ್ಟಿದ್ದಾರಲ್ಲ, ಕಾಲೇಜು ಒಳ್ಳೆಯದೇ ಇರಬೇಕು" ಎಂಬ ಮಾತನ್ನು ಕೌಂಟರಿನಲ್ಲಿ ಕುಳಿತ ನಾವು ಬಹಳ ಕೇಳಿದ್ದೇವೆ. ಇದು ಸರಿಯಲ್ಲ. ಬ್ಯಾಂಕು ನೋಡುವುದು ಕಾಗದಪತ್ರಗಳನ್ನೂ ಮರುಪಾವತಿಯ ಭರವಸೆಯನ್ನೂ. ಮಗಳು ಅಲ್ಲಿ ಏನು ಕಲಿಯುವಳೆಂಬುದನ್ನು ನೋಡಬೇಕಾದವರು ಮನೆಯವರು.

ಹಾಗೆಯೇ, ಕಡಿಮೆ ಖರ್ಚಿನ ಬಾಗಿಲುಗಳನ್ನು ಮೊದಲು ತಟ್ಟೋಣ. ಇಲ್ಲಿ ಓದಿದ ಮಕ್ಕಳು ತೆಲಂಗಾಣದ ಸರ್ಕಾರಿ ಕಾಲೇಜಿಗೂ ಕನ್ವೀನರ್ ಕೋಟಾಕ್ಕೂ ಅರ್ಜಿ ಹಾಕಿದ ಮೇಲೆಯೇ ಮ್ಯಾನೇಜ್‌ಮೆಂಟ್ ಸೀಟಿನ ಯೋಚನೆ. ನಮ್ಮಲ್ಲಿ ಬೀದರ, ಕಲಬುರಗಿ, ರಾಯಚೂರು, ಯಾದಗಿರಿಯ ಕಡೆಯವರು ಬಹು ಮಂದಿ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371 (ಜೆ) ವಿಧಿಯ ಮೀಸಲಾತಿ ತಮ್ಮ ಮಕ್ಕಳಿಗೆ ಅನ್ವಯಿಸುತ್ತದೆಯೇ ಎಂದು ಅವರು ವಿಚಾರಿಸಲಿ. ಕರ್ನಾಟಕದ ಸೀಟಿಗೆ ಸಾಮಾನ್ಯವಾಗಿ ಅಲ್ಲಿಯೇ ಏಳು ವರ್ಷ ಓದಿರಬೇಕು. ಆದರೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳಲ್ಲಿ ಹೊರನಾಡ ಕನ್ನಡಿಗರಿಗೆಂದು ಒಂದು ವಿಭಾಗವಿದೆ. ಅದಕ್ಕೆ ಕನ್ನಡ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮನೆಯಲ್ಲಿ ಆಡುವ ಕನ್ನಡವನ್ನು ಮಕ್ಕಳಿಗೆ ಓದಬರೆಯಲೂ ಕಲಿಸಿದ ತಾಯಿಗೆ ಇಲ್ಲಿ ರೂಪಾಯಿ ಆಣೆಗಳಲ್ಲಿಯೂ ಫಲ ಸಿಗಬಹುದು.

ರೋಗಿಯ ಸೇವೆಯ ಬೆಲೆಯನ್ನು ಯಾವ ಲೆಡ್ಜರಿನಲ್ಲಿಯೂ ಬರೆಯಲಾಗದು. ಆದರೆ ಆ ಸೇವೆಗೆ ಹೊರಟ ಹೆಣ್ಣುಮಗಳ ಮೊದಲ ಹತ್ತು ವರ್ಷದ ದುಡಿಮೆ ಸಾಲಕ್ಕೇ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಹಾಸಿಗೆ, ರಿಜಿಸ್ಟರು, ಕಂತು: ಈ ಮೂರನ್ನು ವಿಚಾರಿಸಿಯೇ ಅಡ್ವಾನ್ಸ್ ಕಟ್ಟಬೇಕೆಂದು ವಿನಂತಿಸುತ್ತೇವೆ.