ಸೋತ ತಂಡದ ಜಮಾಖರ್ಚು



ಕುಸ್ತಿಯ ಈ ಸೀಮೆಯಲ್ಲಿ ಫುಟ್‌ಬಾಲಿನ ಮಾತೇಕೆ, ಅದರಲ್ಲೂ ಸೋತು ಕೆಳದರ್ಜೆಗೆ ಇಳಿದ ತಂಡಗಳ ಜಮಾಖರ್ಚಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಗೋಕಾಕ ಫಾಲ್ಸಿನ ನೂಲಿನ ಗಿರಣಿಯನ್ನು ಕಂಡವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಘಟಪ್ರಭೆ ಧುಮುಕುವ ಜಾಗದಲ್ಲಿ, ಆ ನೀರಿನ ಬಲದಿಂದಲೇ ಶುರುವಾದ ಗಿರಣಿ ಅದು. ಅದು ನೂಲನ್ನಷ್ಟೇ ತೆಗೆಯಲಿಲ್ಲ. ಕಾರ್ಮಿಕರ ಮನೆಗಳು, ಶಾಲೆ, ಆಸ್ಪತ್ರೆ ಎಂದು ಸುತ್ತ ಒಂದು ಊರನ್ನೇ ಬೆಳೆಸಿತು. ಇಂಥ ಊರಿನಲ್ಲಿ ಗಿರಣಿಯ ಭೋಂಗಾ ನಿಂತರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ.

ಪಂಜಾಬಿನ ಫಗವಾಡಾದಲ್ಲೂ ಒಂದು ಬಟ್ಟೆ ಗಿರಣಿ ಇತ್ತು. ಅದರ ಹೆಸರಿನಲ್ಲಿ ಒಂದು ಫುಟ್‌ಬಾಲ್ ತಂಡವಿತ್ತು, ಜೆಸಿಟಿ. 1971ರಲ್ಲಿ ಹುಟ್ಟಿದ ಈ ತಂಡ ಡ್ಯುರಾಂಡ್ ಕಪ್ಪನ್ನು ಐದು ಸಲ ಗೆದ್ದಿತು. 1996–97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ನಡೆದಾಗ ಚಾಂಪಿಯನ್ ಆದದ್ದೂ ಇದೇ. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಅಂಥವರು ಇದರ ಅಂಗಿ ತೊಟ್ಟು ಆಡಿದ್ದಾರೆ. 2010–11ರ ಐ-ಲೀಗ್‌ನಲ್ಲಿ ತಂಡ ತಳ ಸೇರಿ ಹಿಂಬಡ್ತಿ ಪಡೆಯಿತು. ಮುಂದಿನ ವರ್ಷ ಎರಡನೇ ದರ್ಜೆಯಲ್ಲಿ ಆಡಿ ಮೇಲೆ ಬರಬಹುದಿತ್ತು. ಆದರೆ 2011ರಲ್ಲೇ ಆಡಳಿತ ತಂಡವನ್ನು ಮುಚ್ಚಿತು. ಟಿ.ವಿ.ಯಲ್ಲಿ ಕಾಣಿಸದ ಲೀಗಿನಿಂದ ಕಂಪನಿಯ ಹೆಸರಿಗೆ ಏನೂ ದಕ್ಕುತ್ತಿಲ್ಲ ಎಂಬುದು ಅದು ಕೊಟ್ಟ ಕಾರಣ. ನಾಲ್ಕು ದಶಕದ ತಂಡ ಒಂದು ಬೇಸಿಗೆಯಲ್ಲಿ ಇಲ್ಲವಾಯಿತು.

ತಂಡ ಕೆಳಗಿಳಿದಾಗ ನಿಜಕ್ಕೂ ಆಗುವುದೇನು? ಇದನ್ನು ತಿಳಿಯಲು ಇಂಗ್ಲೆಂಡಿನ ಕಡೆ ನೋಡಬೇಕು. ಅಲ್ಲಿ ಕ್ಲಬ್ಬಿಗೆ ತನ್ನದೇ ಆದಾಯವಿದೆ. ಪ್ರತಿವರ್ಷ ಪ್ರೀಮಿಯರ್ ಲೀಗಿನಿಂದ ಮೂರು ತಂಡ ಕೆಳಗಿಳಿಯುತ್ತವೆ. ಇಳಿದ ದಿನದಿಂದಲೇ ಟಿ.ವಿ. ಹಣ ಕುಸಿಯುತ್ತದೆ, ಜಾಹೀರಾತುದಾರ ಚೌಕಾಶಿಗೆ ಕೂರುತ್ತಾನೆ. ಆದರೆ ಆಟಗಾರರ ಕರಾರು ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ಆಗಿರುತ್ತದೆ; ಸಂಬಳ ಇಳಿಯುವುದಿಲ್ಲ. ಮಳೆ ಕೈಕೊಟ್ಟರೂ ಸೊಸೈಟಿಯ ಸಾಲದ ಕಂತು ನಿಲ್ಲದಂತೆ. ಅದಕ್ಕೇ ಜಾಣ ಕ್ಲಬ್ಬುಗಳು, ಕೆಳಗಿಳಿದರೆ ಸಂಬಳ ಇಂತಿಷ್ಟು ಕಡಿಮೆ ಎಂದು ಕರಾರಿನಲ್ಲೇ ಬರೆಸಿಕೊಳ್ಳುತ್ತವೆ. ಲೀಗ್ ಕೂಡ ಬಿದ್ದವರಿಗೆ ‘ಪ್ಯಾರಾಚೂಟ್’ ಹಣ ಕೊಡುತ್ತದೆ. 2016ರಿಂದ ಬಂದ ಕ್ರಮದಂತೆ, ಎಲ್ಲ ತಂಡಕ್ಕೂ ಸಮನಾಗಿ ಹಂಚುವ ಪ್ರಸಾರದ ಹಣದಲ್ಲಿ ಮೊದಲ ವರ್ಷ ಶೇ 55, ಎರಡನೇ ವರ್ಷ ಶೇ 45, ಮೂರನೇ ವರ್ಷ ಶೇ 20. ಒಂದೇ ವರ್ಷ ಮೇಲಿದ್ದು ಬಿದ್ದವರಿಗೆ ಮೂರನೇ ಕಂತಿಲ್ಲ.

ಇನ್ನು ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಕಳಿಸುವುದು? ನೋಡುವವರಿಗೆ ಇದು ಕೋಚ್ ಮಾಡುವ ತೀರ್ಮಾನದಂತೆ ಕಾಣುತ್ತದೆ. ಮೊದಲ ಮಾತು ಮಾತ್ರ ಲೆಕ್ಕಿಗನದು. ಒಳ್ಳೆಯ ಆಟಗಾರನಿಗೆ ಹೊರಗೆ ಗಿರಾಕಿ ಇರುತ್ತಾನೆ, ಅವನಿಗೂ ಹೋಗುವ ಮನಸ್ಸು. ಕ್ಲಬ್ಬಿಗೆ ಹಣದ ತುರ್ತು ಇದೆಯೆಂದು ಕೊಳ್ಳುವವರಿಗೆ ಗೊತ್ತು, ಬೆಲೆ ಬೀಳುತ್ತದೆ. ಬರಗಾಲದಲ್ಲಿ ಸಂತೆಗೆ ಎತ್ತು ಹೊಡೆದುಕೊಂಡು ಹೋದ ರೈತನ ಪಾಡು. ಅತ್ತ, ದೊಡ್ಡ ಸಂಬಳದ, ಕಾಲಿನ ಕಸುವು ಇಳಿದ ಆಟಗಾರನನ್ನು ಯಾರೂ ಕೇಳುವುದಿಲ್ಲ, ಅವನೇ ಉಳಿಯುತ್ತಾನೆ. ಅವನನ್ನು ಅರ್ಧ ಸಂಬಳ ತಾನೇ ಕೊಟ್ಟು ಬೇರೆ ತಂಡಕ್ಕೆ ಎರವಲು ಕಳಿಸುವುದೂ ಉಂಟು. ಖಾಲಿಯಾದ ಜಾಗಕ್ಕೆ ಅಕಾಡೆಮಿಯ ಹುಡುಗರು ಬರುತ್ತಾರೆ. ‘ಯುವಕರಿಗೆ ಅವಕಾಶ’ ಎಂದು ಪ್ರಕಟಣೆ ಹೊರಡುತ್ತದೆ. ಅದರಲ್ಲಿ ಅರ್ಧವಾದರೂ ಬಡತನದ ಮಾತು.

ಲೀಡ್ಸ್ ಯುನೈಟೆಡ್ ಇದಕ್ಕೆ ಹೆಸರುವಾಸಿ ಉದಾಹರಣೆ. 2001ರಲ್ಲಿ ಅದು ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ತಲುಪಿತ್ತು. ಅದೇ ಹೊತ್ತಿಗೆ, ಮುಂದಿನ ವರ್ಷಗಳ ಟಿಕೆಟ್ ಹಣವನ್ನೇ ಆಧಾರವಾಗಿಟ್ಟು 6 ಕೋಟಿ ಪೌಂಡ್ ಸಾಲ ಎತ್ತಿತ್ತು. ಬೆಳೆ ಇನ್ನೂ ಹೊಲದಲ್ಲಿರುವಾಗಲೇ ಮಾರಿದ ಹಾಗೆ. ಗೆಲುವು ನಿಂತಿತು. 2002ರಲ್ಲಿ ರಿಯೊ ಫರ್ಡಿನಾಂಡ್‌ನನ್ನು ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಮಾರಿದರು. 2004ರಲ್ಲಿ ತಂಡ ಕೆಳಗಿಳಿದಾಗ ಊರಿನ ಹುಡುಗ ಆಲನ್ ಸ್ಮಿತ್ ಕೂಡ, ಊರವರು ಕಣ್ಣೆತ್ತಿ ನೋಡಲೊಲ್ಲದ ಅದೇ ಮ್ಯಾಂಚೆಸ್ಟರಿಗೆ ಹೋದ. ಅದೇ ವರ್ಷ ಸ್ವಂತ ಮೈದಾನವನ್ನೂ ಮಾರಬೇಕಾಯಿತು. 2007ರಲ್ಲಿ ಮೂರನೇ ದರ್ಜೆ. ಮತ್ತೆ ಮೇಲಿನ ಲೀಗಿಗೆ ಬರಲು 2020 ಆಯಿತು. ಹದಿನಾರು ವರ್ಷ! ಆದರೂ ಬಂತು, ಏಕೆಂದರೆ ಎಷ್ಟೇ ದರಿದ್ರವಾದರೂ ಕ್ಲಬ್ಬಿಗೆ ಪ್ರತಿವಾರ ಟಿಕೆಟ್ ಕೊಳ್ಳುವ ಊರೊಂದಿತ್ತು.

ಕರ್ನಾಟಕದ ಕಥೆ ಬೇರೆ. ಬೆಂಗಳೂರಿನಲ್ಲಿ ಫುಟ್‌ಬಾಲ್ ಎಂದರೆ ಬಹುಕಾಲ ಕಾರ್ಖಾನೆಗಳ ಫುಟ್‌ಬಾಲ್: ಎಚ್‌ಎಎಲ್, ಐಟಿಐ. ಆಡಬಲ್ಲ ಹುಡುಗನಿಗೆ ಕಂಪನಿಯಲ್ಲಿ ನೌಕರಿ; ಬೆಳಿಗ್ಗೆ ಅಭ್ಯಾಸ, ಮೊಣಕಾಲು ಹೋದ ಮೇಲೂ ಸಂಬಳ. ಎಚ್‌ಎಎಲ್ ತಂಡ 2010ರಲ್ಲಿ ಐ-ಲೀಗಿಗೆ ಏರಿತು. ಉಳಿದ ದೊಡ್ಡ ಕ್ಲಬ್ಬುಗಳಂತೆ ವಿದೇಶಿ ಆಟಗಾರರನ್ನು ನೆಚ್ಚಿಕೊಂಡ ತಂಡ ಅದಲ್ಲ. ಒಂದು ವರ್ಷ ಉಳಿದುಕೊಂಡಿತು; 2011–12ರ ಕೊನೆಗೆ ಇಳಿಯಿತು. ನೌಕರಿಯಲ್ಲಿದ್ದ ಆಟಗಾರರನ್ನು ಲೀಡ್ಸಿನಂತೆ ಮಾರುವ ಪ್ರಶ್ನೆಯೇ ಇಲ್ಲ. ಅವರ ಮನೆಯ ಒಲೆ ಆರಲಿಲ್ಲ. ಆದರೆ ತಂಡ ಮತ್ತೆ ಆ ಲೀಗಿಗೆ ಏರಲಿಲ್ಲ. ಅಷ್ಟರಲ್ಲಿ ಕ್ಲಬ್ ಎಂದರೆ ಪ್ರತ್ಯೇಕ ಸಂಸ್ಥೆ, ಪ್ರತ್ಯೇಕ ಲೆಕ್ಕ, ಸ್ವಂತ ಕಿರಿಯರ ತಂಡ ಎಂಬ ಪರವಾನಗಿ ನಿಯಮಗಳು ಬಿಗಿಯಾದವು. 2013ರಲ್ಲಿ ಒಎನ್‌ಜಿಸಿ, ಏರ್ ಇಂಡಿಯಾ ತಂಡಗಳು ಆ ಮಾನದಂಡ ಮುಟ್ಟಲಿಲ್ಲವೆಂದು ಲೀಗಿನಿಂದ ಹೊರಬಿದ್ದವು. ಅದೇ ವರ್ಷ ಜೆಎಸ್‌ಡಬ್ಲ್ಯು ಸಂಸ್ಥೆಯ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ಋತುವಿನಲ್ಲೇ ಚಾಂಪಿಯನ್ ಆಯಿತು. ಊರಿಗೆ ಕಪ್ ಬಂತು. ಆಟದ ಜೊತೆಗೆ ಪಿಂಚಣಿ ಕೊಡುತ್ತಿದ್ದ ದಾರಿ ಕಿರಿದಾಯಿತು. ಇದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ, ಮಗನನ್ನು ಮೈದಾನಕ್ಕೆ ಕಳಿಸುವ ತಂದೆಯನ್ನು ಕೇಳಬೇಕು.

ಹುಕ್ಕೇರಿಯವರಿಗೆ ಇನ್ನೊಂದು ಮಾದರಿ ಹತ್ತಿರದಲ್ಲೇ ಇದೆ. ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ಕೊಲ್ಹಾಪುರ. ಅಲ್ಲಿ ಪಾಟಾಕಡೀಲ್, ಖಂಡೋಬಾ, ದಿಲಬಹಾರ್ ಮುಂತಾದ ಹೆಸರಿನ ತಂಡಗಳು ಶಾಹು ಸ್ಟೇಡಿಯಂನಲ್ಲಿ ಆಡುತ್ತವೆ. ಇವು ಮೂಲತಃ ತಾಲೀಮುಗಳು, ಪೇಟೆ ಪೇಟೆಯ ಗರಡಿಮನೆಗಳು. ಕುಸ್ತಿಯ ಮಣ್ಣಿನಿಂದಲೇ ಅಲ್ಲಿ ಫುಟ್‌ಬಾಲ್ ಬೆಳೆದಿದೆ. ಅಲ್ಲಿನ ತಂಡ ಸೋತರೆ ಓಣಿಯವರು ಬೈಯುತ್ತಾರೆ, ಆದರೆ ಬೀಗ ಹಾಕುವ ಒಬ್ಬ ಧಣಿ ಇಲ್ಲ.

ಚೋರ್ಲಾ ಘಾಟಿನಾಚೆಯ ಗೋವೆಯಲ್ಲಿ ಡೆಂಪೊ ಕ್ಲಬ್ಬಿನದು ವಿಚಿತ್ರ ಪ್ರಸಂಗ. ಐದು ಸಲ ದೇಶದ ಲೀಗ್ ಗೆದ್ದ ತಂಡ 2014–15ರಲ್ಲಿ ಕೆಳಗಿಳಿಯಿತು. ಜೆಸಿಟಿಯಂತೆ ಬಾಗಿಲು ಹಾಕಲಿಲ್ಲ. ಎರಡನೇ ದರ್ಜೆಯಲ್ಲಿ ಆಡಿ, 2016ರಲ್ಲಿ ಅದನ್ನು ಗೆದ್ದು, ಮತ್ತೆ ಮೇಲೆ ಬರುವ ಹಕ್ಕು ಪಡೆಯಿತು. ಆದರೆ ಆ ಹೊತ್ತಿಗೆ, ಹಿಂಬಡ್ತಿಯೇ ಇಲ್ಲದ ಇಂಡಿಯನ್ ಸೂಪರ್ ಲೀಗನ್ನು ಮೇಲಿಟ್ಟು ಐ-ಲೀಗನ್ನು ಕೆಳಗಿಡುವ ಯೋಜನೆ ಹೊರಬಂದಿತ್ತು. ಸಾಲ್ಗಾಂವ್‌ಕರ್, ಸ್ಪೋರ್ಟಿಂಗ್ ಕ್ಲಬ್ಬುಗಳ ಜೊತೆ ಡೆಂಪೊ ಕೂಡ ಐ-ಲೀಗಿನಿಂದ ಹೊರನಡೆಯಿತು. ಮೈದಾನದಲ್ಲಿ ಗಳಿಸಿದ ಬಡ್ತಿಯನ್ನು ಕೈಯಾರೆ ಬಿಟ್ಟುಕೊಟ್ಟು ಗೋವೆಯ ಸ್ಥಳೀಯ ಲೀಗಿನಲ್ಲಿ ಆಡುತ್ತಾ ಉಳಿಯಿತು. 2024ರಲ್ಲಿ ಅದು ಮತ್ತೆ ಐ-ಲೀಗಿಗೆ ಏರಿತು; ಆ ವರ್ಷ ಅದರ ಜೊತೆಗೇ ಏರಿದ ಇನ್ನೊಂದು ತಂಡ ಬೆಂಗಳೂರಿನದು, ಎಸ್‌ಸಿ ಬೆಂಗಳೂರು.